ಕೊಡಗಿನ ಹೋಂಸ್ಟೇ, ಕಾಫಿ ಅಂಗಡಿಗಳ ವೆಬ್‌ಸೈಟ್: ಕಣ್ಣು ಕಾಣದವರೂ ತಾವೇ ಬುಕ್ ಮಾಡುವಂತೆ ಮಾಡುವುದು ಹೇಗೆ?

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ, ಯಾವ ಕಡೆ ಹೋದರೂ ಈಗ ಹೋಂಸ್ಟೇಗಳಿಗೆ ವೆಬ್‌ಸೈಟ್ ಇದೆ. ಕಾಫಿ ಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ ಮಾರುವವರಿಗೂ ಇದೆ. ನೋಡಲು ಚೆನ್ನಾಗಿಯೇ ಇರುತ್ತವೆ. ಮಂಜು ಮುಸುಕಿದ ತೋಟ, ಹೂ ಬಿಟ್ಟ ಕಾಫಿ ಗಿಡ, ಜಗಲಿಯಲ್ಲಿ ಎರಡು ಕುರ್ಚಿ. ಆದರೆ ಕಣ್ಣು ಕಾಣದ ಒಬ್ಬರು ಆ ಸೈಟ್‌ನಲ್ಲಿ ರೂಮ್ ಬುಕ್ ಮಾಡಲು ಆಗುತ್ತದಾ? ಕಿವಿ ಕೇಳದವರಿಗೆ ರೂಮಿನ ಬಾಡಿಗೆ ಎಷ್ಟು ಅಂತ ಗೊತ್ತಾಗುತ್ತದಾ? ಕೈ ನಡುಗುವ ಹಿರಿಯರೊಬ್ಬರು ಅರ್ಧ ಕಿಲೊ ಪುಡಿ ಆರ್ಡರ್ ಮಾಡಬಹುದಾ? ಬಹಳ ಕಡೆ ಆಗುವುದಿಲ್ಲ. ಸರಿಮಾಡುವುದು ಕಷ್ಟವಾಗಿ ಅಲ್ಲ, ಯಾರೂ ಹಾಗೆ ಯೋಚನೆ ಮಾಡಿ ನೋಡಿಲ್ಲ, ಅಷ್ಟೇ.

ಈ ಲೇಖನದಲ್ಲಿ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಬಂದವರು ಪಕ್ಕದವರನ್ನು ಕೇಳದೆ, ಮಗನನ್ನೋ ಮಗಳನ್ನೋ ಕರೆಯದೆ, ತಾವೇ ಕೆಲಸ ಮುಗಿಸಬೇಕು. ಟೆಸ್ಟ್ ಮಾಡುವ ಟೂಲ್ 100ಕ್ಕೆ 100 ಅಂಕ ಕೊಟ್ಟರೂ ಬುಕಿಂಗ್ ಮುಗಿಯದಿದ್ದರೆ ಆ ಅಂಕದಿಂದ ಏನೂ ಉಪಯೋಗವಿಲ್ಲ.

ಎಷ್ಟು ಜನ ಅಂತ ಕೇಳುವವರಿಗೆ ಒಂದು ಲೆಕ್ಕ. 2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಅದೇ ಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ ಸುಮಾರು 5.54 ಲಕ್ಷ. ಅಂದರೆ ನಮ್ಮ ಜಿಲ್ಲೆಯಂಥ ಎರಡು ಜಿಲ್ಲೆಗಿಂತ ಜಾಸ್ತಿ ಜನ, ನಮ್ಮ ರಾಜ್ಯದಲ್ಲೇ. ವಯಸ್ಸಾಗಿ ಕಣ್ಣು ಮಂಜಾದವರು, ಕಿವಿ ಮಂದವಾದವರು ಈ ಲೆಕ್ಕದಲ್ಲಿ ಪೂರ್ತಿ ಸೇರಿರುವುದೂ ಇಲ್ಲ. ಕೊಡಗು ಕಾರ್ಯಪ್ಪ, ತಿಮ್ಮಯ್ಯನವರ ನಾಡು. ನಿವೃತ್ತ ಸೈನಿಕರು ಇಲ್ಲಿ ಊರೂರಲ್ಲಿ ಇದ್ದಾರೆ, ಗುಂಡಿನ ಸದ್ದಿಗೆ ಕಿವಿ ಹೋದವರು, ಕಾಲು ಕಳೆದುಕೊಂಡವರು ಯಾರೋ ದೂರದವರಲ್ಲ, ನಮ್ಮ ಮನೆಗಳಲ್ಲೇ ಇರುವವರು.

ಮೊದಲು ಒಂದೇ ಕೆಲಸ ಆರಿಸಿ

ಇಡೀ ಸೈಟ್ ಸರಿಮಾಡುತ್ತೇನೆ ಅಂತ ಹೊರಡಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ಗಿರಾಕಿ ನಿಮ್ಮ ಸೈಟ್‌ಗೆ ಯಾವ ಮುಖ್ಯ ಕೆಲಸಕ್ಕೆ ಬರುತ್ತಾರೆ? ಹೋಂಸ್ಟೇ ಆದರೆ ರೂಮ್ ಬುಕ್ ಮಾಡಲು. ಕಾಫಿ ಅಂಗಡಿ ಆದರೆ ಪುಡಿ ಆರ್ಡರ್ ಮಾಡಲು. ಆ ಕೆಲಸದ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮುಖಪುಟ, ರೂಮಿನ ಪುಟ, ದಿನಾಂಕ, ಹೆಸರು ಮತ್ತು ಫೋನ್, ದುಡ್ಡು ಕಟ್ಟುವುದು, ಆಯಿತು ಅನ್ನುವ ಸಂದೇಶ. ಮೊದಲು ಈ ದಾರಿ ಸರಿಹೋಗಲಿ. ಗ್ಯಾಲರಿ, ಬ್ಲಾಗ್, ತಾತನ ಕಾಲದ ತೋಟದ ಕಥೆ ಎಲ್ಲ ಆಮೇಲೆ.

ಮೌಸ್ ಪಕ್ಕಕ್ಕಿಟ್ಟು ನೋಡಿ

ಕಂಪ್ಯೂಟರಿನಲ್ಲಿ ಸೈಟ್ ತೆರೆಯಿರಿ. ಮೌಸ್ ಮುಟ್ಟಬೇಡಿ. ಟ್ಯಾಬ್ ಕೀ ಒತ್ತುತ್ತಾ ಮುಂದೆ ಹೋಗಿ, ಹಿಂದೆ ಬರಲು ಶಿಫ್ಟ್ ಜೊತೆ ಟ್ಯಾಬ್. ಲಿಂಕ್ ತೆರೆಯಲು ಎಂಟರ್, ಟಿಕ್ ಹಾಕಲು ಸ್ಪೇಸ್. ಕೈಯಲ್ಲಿ ಶಕ್ತಿ ಇಲ್ಲದವರು, ಪಾರ್ಕಿನ್ಸನ್ಸ್ ಇರುವವರು, ಕಣ್ಣು ಕಾಣದವರು ಎಲ್ಲರೂ ಕಂಪ್ಯೂಟರ್ ಬಳಸುವುದು ಹೆಚ್ಚುಕಡಿಮೆ ಹೀಗೆಯೇ.

ಎರಡು ವಿಷಯ ಗಮನಿಸಿ. ಈಗ ಎಲ್ಲಿದ್ದೀರಿ ಅಂತ ಕಾಣುತ್ತಿದೆಯಾ? ಟ್ಯಾಬ್ ನಿಂತ ಜಾಗಕ್ಕೆ ಒಂದು ಗೆರೆ, ಒಂದು ಚೌಕಟ್ಟು ಬರಬೇಕು. ಅದು ಅಂದಗೆಡಿಸುತ್ತದೆ ಅಂತ ಎಷ್ಟೋ ಡಿಸೈನರ್‌ಗಳು ತೆಗೆದುಬಿಡುತ್ತಾರೆ. ವಾಪಸ್ ಹಾಕಿಸಿ, ದಪ್ಪಗೇ ಇರಲಿ. ಎರಡನೆಯದು, ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತೀರಾ? ಆಫರ್ ತೋರಿಸುವ ಪಾಪಪ್ ಬಂದು, ಅದನ್ನು ಮುಚ್ಚುವ ಗುರುತಿನ ಮೇಲೆ ಟ್ಯಾಬ್ ಹೋಗುವುದೇ ಇಲ್ಲ ಅಂದರೆ ಬಂದವರ ಕೆಲಸ ಅಲ್ಲಿಗೇ ಮುಗಿಯಿತು. ಎಸ್ಕೇಪ್ ಕೀ ಒತ್ತಿದರೆ ಪಾಪಪ್ ಮುಚ್ಚಬೇಕು. ನನ್ನನ್ನು ಕೇಳಿದರೆ ಆ ಪಾಪಪ್ ಇರುವುದೇ ಬೇಡ.

ಕಣ್ಣು ಮುಚ್ಚಿ ಕೇಳಿ

ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸುತ್ತಾರೆ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ ಅದು. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಐಫೋನಿನಲ್ಲಿ ವಾಯ್ಸ್‌ಓವರ್ ಇದೆ, ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಅಂತ ಪೂರ್ತಿ ಉಚಿತವಾದದ್ದು ಸಿಗುತ್ತದೆ. ನೀವು ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಫೋನಿನಿಂದ ಶುರು ಮಾಡಿ, ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಬರುವುದೂ ಫೋನಿನಿಂದಲೇ. ಸೆಟ್ಟಿಂಗ್ಸ್ ಒಳಗೆ ಆಕ್ಸೆಸಿಬಿಲಿಟಿ ಅಂತ ಇರುತ್ತದೆ, ಅಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ. ಆನ್ ಆದ ಮೇಲೆ ಫೋನ್ ಬಳಸುವ ರೀತಿಯೇ ಬೇರೆ. ಬಲಕ್ಕೆ ಬೆರಳು ಸರಿಸಿದರೆ ಮುಂದಿನದನ್ನು ಓದುತ್ತದೆ, ಎಡಕ್ಕೆ ಸರಿಸಿದರೆ ಹಿಂದಿನದು, ತೆರೆಯಬೇಕಾದರೆ ಎರಡು ಸಲ ತಟ್ಟಬೇಕು. ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಂಡರೆ ಗಾಬರಿ ಇರುವುದಿಲ್ಲ. ಈಗ ಕಣ್ಣು ಮುಚ್ಚಿ ನಿಮ್ಮ ಸೈಟ್ ತೆರೆದು ಒಂದು ರೂಮ್ ಬುಕ್ ಮಾಡಿ ನೋಡಿ. 'ಬಟನ್, ಬಟನ್, ಬಟನ್' ಅಂತ ಹೆಸರಿಲ್ಲದ ಬಟನ್‌ಗಳನ್ನೇ ಓದುತ್ತಾ ಹೋದರೆ, ಫೋಟೊ ಬಂದಾಗ ಒಂದಷ್ಟು ಅಕ್ಷರ ಮತ್ತು ಅಂಕಿಗಳ ಸಾಲು ಹೇಳಿದರೆ, ನಿಮ್ಮ ಸೈಟ್ ಕಣ್ಣಿಲ್ಲದವರಿಗೆ ಇಷ್ಟು ದಿನ ಏನು ಹೇಳುತ್ತಿತ್ತು ಅಂತ ಅಲ್ಲಿಯೇ ತಿಳಿಯುತ್ತದೆ.

ಎನ್‌ವಿಡಿಎ ಹಾಕಿಕೊಂಡರೆ ಇನ್ನೊಂದು ಗೊತ್ತಾಗುತ್ತದೆ. ಅದನ್ನು ಬಳಸುವವರು ಪುಟವನ್ನು ಮೊದಲಿಂದ ಕೊನೆವರೆಗೆ ಕೇಳುತ್ತಾ ಕೂರುವುದಿಲ್ಲ. ಎಚ್ ಕೀ ಒತ್ತಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತಾರೆ, ಕೆ ಒತ್ತಿದರೆ ಲಿಂಕ್, ಎಫ್ ಒತ್ತಿದರೆ ಫಾರಂನ ಖಾನೆ. ಆದ್ದರಿಂದ ತಲೆಬರಹಗಳನ್ನು ನಿಜವಾದ ತಲೆಬರಹಗಳಾಗಿ ಹಾಕಬೇಕು. ಸುಮ್ನೆ ಅಕ್ಷರ ದಪ್ಪ ಮಾಡಿ, ದೊಡ್ಡದು ಮಾಡಿದರೆ ಕಣ್ಣಿಗೆ ತಲೆಬರಹದಂತೆ ಕಾಣುತ್ತದೆಯೇ ಹೊರತು ಸ್ಕ್ರೀನ್ ರೀಡರ್‌ಗೆ ಅದು ಬರೀ ಒಂದು ಸಾಲು. ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಬರೆಯುವಾಗ ಹೆಡಿಂಗ್ ಅನ್ನುವ ಬ್ಲಾಕ್ ಇದೆಯಲ್ಲ, ಅದನ್ನೇ ಬಳಸಿ. ಲಿಂಕಿನ ಮೇಲೆ 'ಇಲ್ಲಿ ಕ್ಲಿಕ್ ಮಾಡಿ' ಅಂತ ಬರೆಯಬೇಡಿ. ಬರೀ ಲಿಂಕ್‌ಗಳ ಪಟ್ಟಿ ತೆಗೆದು ಕೇಳುವವರಿಗೆ ಹತ್ತು ಸಲ 'ಇಲ್ಲಿ ಕ್ಲಿಕ್ ಮಾಡಿ' ಕೇಳಿಸುತ್ತದೆ. 'ತೋಟದ ಮನೆ ರೂಮಿನ ಬಾಡಿಗೆ ನೋಡಿ' ಅಂತ ಬರೆದರೆ ಕೇಳಿದ ಕೂಡಲೇ ಅರ್ಥವಾಗುತ್ತದೆ.

ಫೋಟೊಗೆ ಮಾತು ಕೊಡಿ

ಕೊಡಗಿನ ಸೈಟ್‌ಗಳು ನಡೆಯುವುದೇ ಫೋಟೊ ಮೇಲೆ, ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಪ್ರತಿ ಫೋಟೊಗೂ ಆಲ್ಟ್ ಟೆಕ್ಸ್ಟ್ ಅನ್ನುವ ಒಂದು ಖಾನೆ ಇರುತ್ತದೆ. ಅಲ್ಲಿ ಬರೆದದ್ದನ್ನು ಸ್ಕ್ರೀನ್ ರೀಡರ್ ಓದುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಇಲ್ಲದೆ ಫೋಟೊ ಲೋಡ್ ಆಗದಿದ್ದಾಗ ಅದೇ ಬರಹ ಎಲ್ಲರಿಗೂ ಕಾಣಿಸುತ್ತದೆ.

ಏನು ಬರೆಯಬೇಕು? ಫೋಟೊ ಆ ಜಾಗದಲ್ಲಿ ಯಾಕಿದೆಯೋ ಅದನ್ನು. ಜಗಲಿಯ ಫೋಟೊಗೆ 'ಸುಂದರ ಹೋಂಸ್ಟೇ' ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಮನೆಯ ಮುಂದಿನ ಜಗಲಿ, ನಾಲ್ಕು ಬೆತ್ತದ ಕುರ್ಚಿ, ಎದುರಿಗೆ ಕಾಫಿ ತೋಟ, ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು' ಅಂತ ಬರೆಯಿರಿ. ಒಂದೋ ಎರಡೋ ಸಾಲು ಸಾಕು. 'ಫೋಟೊ' ಅನ್ನುವ ಪದ ಬೇಡ, ಅದು ಚಿತ್ರ ಅಂತ ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಕಾಫಿ ಪ್ಯಾಕೆಟ್ ಆದರೆ 'ಅರೇಬಿಕಾ ಫಿಲ್ಟರ್ ಕಾಫಿ ಪುಡಿ, 250 ಗ್ರಾಂ'. ಅಂದಕ್ಕೆ ಮಾತ್ರ ಹಾಕಿದ ಬಳ್ಳಿ, ಗೆರೆ, ಎಲೆಯ ಚಿತ್ರಗಳಿಗೆ ಆಲ್ಟ್ ಖಾಲಿ ಬಿಡಿ, ಸ್ಕ್ರೀನ್ ರೀಡರ್ ಅವನ್ನು ಬಿಟ್ಟು ಮುಂದೆ ಹೋಗುತ್ತದೆ. ಗೂಗಲ್‌ನಲ್ಲಿ ಮೇಲೆ ಬರಲಿ ಅಂತ ಆ ಖಾನೆಯಲ್ಲಿ 'ಕೂರ್ಗ್ ಬೆಸ್ಟ್ ಹೋಂಸ್ಟೇ ಮಡಿಕೇರಿ ಚೀಪ್ ರೂಮ್' ಅಂತ ತುಂಬಿಸುವವರಿದ್ದಾರೆ. ಕಣ್ಣು ಕಾಣದವರು ಅದನ್ನು ಪ್ರತಿ ಫೋಟೊದಲ್ಲೂ ಕೇಳಬೇಕು. ದಯವಿಟ್ಟು ಬೇಡ.

ಇನ್ನೊಂದು, ನಮ್ಮಲ್ಲಿ ಬಹಳ ಕಾಣುವ ಪದ್ಧತಿ. ರೇಟ್ ಪಟ್ಟಿ, ಊಟದ ಮೆನು, ಹುತ್ತರಿ ಹಬ್ಬದ ಆಫರ್ ಎಲ್ಲವನ್ನೂ ವಾಟ್ಸ್ಆಪ್‌ಗೆ ಮಾಡಿಸಿದ ಪೋಸ್ಟರ್ ರೂಪದಲ್ಲೇ ಸೈಟ್‌ಗೂ ಹಾಕುವುದು. ಚಿತ್ರದೊಳಗಿನ ಅಕ್ಷರವನ್ನು ಸ್ಕ್ರೀನ್ ರೀಡರ್ ಸರಿಯಾಗಿ ಓದುತ್ತದೆ ಅಂತ ನಂಬಿ ಕೂರುವಂತಿಲ್ಲ, ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಪೋಸ್ಟರ್ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಕಡಂಬಿಟ್ಟು, ನೂಪುಟ್ಟು, ಅಕ್ಕಿ ರೊಟ್ಟಿ, ಬೆಲೆ, ಸಮಯ ಎಲ್ಲವನ್ನೂ ಅಕ್ಷರದಲ್ಲಿಯೂ ಬರೆಯಿರಿ.

ಕನ್ನಡಕ್ಕೆ ಬೇಕಾದ ಕೆಲವು ಕೆಲಸ

ಇಂಗ್ಲಿಷಿನಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಈ ವಿಷಯ ಸಿಗುವುದು ಕಷ್ಟ. ಮೊದಲನೆಯದು ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿಗೂ ಫೋನಿಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರ ಸಂಕೇತ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಓದುವುದು ಒಳಗಿನ ರಾಶಿಯನ್ನು. ಪ್ರೆಸ್ಸಿನಲ್ಲಿ ಮಾಡಿಸಿದ ಕರಪತ್ರದ ಪಿಡಿಎಫ್ ಅನ್ನು ಹಾಗೇ ಸೈಟ್‌ಗೆ ಏರಿಸುವಾಗ ಈ ತೊಂದರೆ ಬರುತ್ತದೆ. ಪರೀಕ್ಷೆ ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆಪ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಏನೇನೋ ಗುರುತು ಬಂದರೆ ಅದನ್ನು ಯೂನಿಕೋಡ್‌ಗೆ ಬದಲಾಯಿಸಿ, ಸಾಧ್ಯವಾದರೆ ಪಿಡಿಎಫ್ ಬಿಟ್ಟು ಮಾಮೂಲಿ ವೆಬ್ ಪುಟವನ್ನೇ ಮಾಡಿ.

ಎರಡನೆಯದು ಭಾಷೆಯ ಗುರುತು. ಪ್ರತಿ ಪುಟದ ಕೋಡ್‌ನಲ್ಲಿ ಇದು ಯಾವ ಭಾಷೆ ಅಂತ ಹೇಳುವ ಒಂದು ಸಣ್ಣ ಗುರುತು ಇರುತ್ತದೆ, ಲ್ಯಾಂಗ್ ಅಂತ. ಕನ್ನಡ ಪುಟಕ್ಕೆ ಅಲ್ಲಿ ಕೆಎನ್ (kn) ಅಂತ ಇರಬೇಕು. ಎಷ್ಟೋ ಕನ್ನಡ ಪುಟಗಳಲ್ಲಿ ಅದು ಇಂಗ್ಲಿಷ್ ಅಂತಲೇ ಇರುತ್ತದೆ, ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಕನ್ನಡ ಓದಲು ಹೋಗಿ ತಡವರಿಸಬಹುದು, ಕೆಲವೊಮ್ಮೆ ಬಿಟ್ಟೇಬಿಡಬಹುದು. ಸೈಟ್ ಮಾಡಿದವರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. ಒಂದೇ ಪುಟದಲ್ಲಿ ಎರಡೂ ಭಾಷೆ ಇದ್ದರೆ ಆಯಾ ಭಾಗಕ್ಕೆ ಬೇರೆ ಬೇರೆ ಗುರುತು ಹಾಕಬಹುದು. ಸ್ವಾಗತದ ಸಾಲು ಕೊಡವ ತಕ್ಕ್‌ನಲ್ಲಿ ಇದ್ದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಕನ್ನಡದ ಧ್ವನಿ ಅದನ್ನು ತಕ್ಕಮಟ್ಟಿಗಾದರೂ ಸರಿಯಾಗಿ ಓದುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೇಳುವವರಿಗೆ ತಮ್ಮ ಮಾತೇ ಗುರುತು ಸಿಗುವುದಿಲ್ಲ.

ಮೂರನೆಯದು ಅಕ್ಷರದ ಗಾತ್ರ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ನಡುವೆ ಇರುವುದು ಒಂದು ಸಣ್ಣ ಗೀಟು. ಪ, ವ, ಷ ದೂರದಿಂದ ಒಂದೇ ತರ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲುವುದಿಲ್ಲ, ಒಂದೆರಡು ಪಾಯಿಂಟ್ ಜಾಸ್ತಿ ಇಡಿ. ಸಾಲುಗಳ ನಡುವಿನ ಜಾಗ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಬಟನ್ ಒಳಗೆ ಇದ್ದರೆ ಕತ್ತರಿಸಿಹೋಗುತ್ತವೆ. ಬ್ರೌಸರ್‌ನಲ್ಲಿ ಪುಟವನ್ನು 200 ಶೇಕಡಾಕ್ಕೆ ದೊಡ್ಡದು ಮಾಡಿ ನೋಡಿ. ಏನೂ ಒಂದರ ಮೇಲೊಂದು ಹತ್ತಬಾರದು, ಏನೂ ಕಾಣೆಯಾಗಬಾರದು. ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಲು ಆಗದಂತೆ ಕೆಲವು ಸೈಟ್‌ಗಳು ತಡೆದಿರುತ್ತವೆ, ಆ ತಡೆ ತೆಗೆಸಿ.

ಬಣ್ಣ

ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ, ಅಂದರೆ ಕಾಂಟ್ರಾಸ್ಟ್, ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಇದು ಡಬ್ಲ್ಯೂಸಿಎಜಿ ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದ ಅಳತೆ. ಲೆಕ್ಕ ಹಾಕಲು ವೆಬ್‌ಏಮ್ ಅನ್ನುವ ಸಂಸ್ಥೆಯವರ ಕಾಂಟ್ರಾಸ್ಟ್ ಚೆಕ್ಕರ್ ಉಚಿತವಾಗಿ ಸಿಗುತ್ತದೆ, ಎರಡು ಬಣ್ಣದ ಸಂಖ್ಯೆ ಹಾಕಿದರೆ ಪಾಸೋ ಫೇಲೋ ಹೇಳುತ್ತದೆ. ಬಿಳಿಯ ಮೇಲೆ ಬೂದು ಬಣ್ಣ ಬೇಕೇ ಬೇಕು ಅಂದರೆ 767676 ಅನ್ನುವ ಸಂಖ್ಯೆಯ ಬೂದು ಪಾಸಾಗುತ್ತದೆ, ಅದಕ್ಕಿಂತ ತಿಳಿಯಾದದ್ದು ಆಗುವುದಿಲ್ಲ. ಮಂಜಿನ ಫೋಟೊ ಮೇಲೆ ಬಿಳಿ ಅಕ್ಷರ ಹಾಕುವುದು ನಮ್ಮ ಹೋಂಸ್ಟೇ ಸೈಟ್‌ಗಳ ಖಾಯಂ ಚಾಳಿ. ಅಕ್ಷರದ ಹಿಂದೆ ಒಂದು ಗಾಢ ಪಟ್ಟಿ ಹಾಕಿಸಿ.

ಖಾಲಿ ದಿನ ಹಸಿರು, ತುಂಬಿದ ದಿನ ಕೆಂಪು ಅಂತ ಬಣ್ಣದಲ್ಲೇ ಹೇಳಬೇಡಿ. ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗದವರು ಬಹಳ ಜನ. 'ಖಾಲಿ', 'ಭರ್ತಿ' ಅಂತ ಬರೆಯಿರಿ.

ಫಾರಂ ಮತ್ತು ಕ್ಯಾಲೆಂಡರ್

ಜನ ಕೈಬಿಟ್ಟು ಹೋಗುವ ಜಾಗ ಇದು. ಫಾರಂನ ಪ್ರತಿ ಖಾನೆಗೂ ಹೊರಗೆ ಕಾಣುವ ಹೆಸರು ಬೇಕು, ಕೋಡ್‌ನಲ್ಲಿ ಆ ಹೆಸರು ಆ ಖಾನೆಗೆ ಜೋಡಿಸಿರಬೇಕು. ಖಾನೆಯೊಳಗೆ ತಿಳಿ ಬೂದಿಯಲ್ಲಿ 'ನಿಮ್ಮ ಹೆಸರು' ಅಂತ ಹಾಕಿ, ಟೈಪ್ ಮಾಡಿದ ಕೂಡಲೇ ಅದು ಮಾಯವಾಗುವ ವಿನ್ಯಾಸ ಯಾರಿಗೂ ಒಳ್ಳೆಯದಲ್ಲ. ನೆನಪಿನ ತೊಂದರೆ ಇರುವವರಿಗೆ ಅಂತೂ ಅರ್ಧದಲ್ಲಿ ಏನು ಬರೆಯುತ್ತಿದ್ದೆ ಅಂತಲೇ ಗೊತ್ತಾಗುವುದಿಲ್ಲ. ಕಾಫಿ ಅಂಗಡಿಯವರು ಆಯ್ಕೆಗಳ ಹೆಸರು ನೋಡಿಕೊಳ್ಳಿ. 'ಆಯ್ಕೆ 1, ಆಯ್ಕೆ 2' ಅಲ್ಲ, 'ಚಿಕೋರಿ ಇಲ್ಲದ್ದು', '80:20, ಕಾಫಿ 80 ಪಾಲು ಚಿಕೋರಿ 20 ಪಾಲು'.

ತಪ್ಪಾದಾಗ ಖಾನೆಯ ಸುತ್ತ ಕೆಂಪು ಗೆರೆ ಬಂದರೆ ಸಾಲದು. ಏನು ತಪ್ಪು, ಹೇಗೆ ಸರಿಮಾಡಬೇಕು ಅಂತ ಬರೆದು ತೋರಿಸಿ. 'ಫೋನ್ ನಂಬರ್ 10 ಅಂಕಿ ಇರಬೇಕು, ನೀವು 9 ಹಾಕಿದ್ದೀರಿ' ಅಂದರೆ ಮುಗಿಯಿತು. ಬರೆದದ್ದೆಲ್ಲ ಅಳಿಸಿ ಮೊದಲಿಂದ ತುಂಬಿಸಬೇಡಿ.

ದಿನಾಂಕ ಆರಿಸುವ ಕ್ಯಾಲೆಂಡರ್ ಚಂದ ಕಾಣುತ್ತದೆ. ಆದರೆ ಕೀಬೋರ್ಡಿನಲ್ಲಿ ಓಡದ ಕ್ಯಾಲೆಂಡರ್‌ಗಳು ಬೇಕಾದಷ್ಟಿವೆ. ಅದರ ಪಕ್ಕದಲ್ಲೇ ದಿನಾಂಕವನ್ನು ಟೈಪ್ ಮಾಡುವ ಖಾನೆಯೊಂದು ಇದ್ದರೆ ತೊಂದರೆ ಹೋಯಿತು. ಯಾವ ರೂಪದಲ್ಲಿ ಬರೆಯಬೇಕು ಅಂತ ಒಂದು ಉದಾಹರಣೆಯನ್ನೂ ಕೊಡಿ. ಬಟನ್‌ಗಳು 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರಕ್ಕಿಂತ ಚಿಕ್ಕದಾಗಬಾರದು ಅಂತ 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಹೇಳುತ್ತದೆ. ನಾನಂತೂ 44 ಇಡಿ ಅನ್ನುತ್ತೇನೆ. ತೋಟದ ಕೆಲಸ ಮಾಡಿದ ದಪ್ಪ ಬೆರಳಿಗೂ, ನಡುಗುವ ಬೆರಳಿಗೂ ಆಗ ಆರಾಮ.

ವಂಕಿವಂಕಿ ಅಕ್ಷರ ಓದಿ ಬರೆಯಿರಿ ಅನ್ನುವ ಕ್ಯಾಪ್ಚಾ ಹಾಕಿದ್ದರೆ ಕಿತ್ತುಹಾಕಿ. ಸ್ಪ್ಯಾಮ್ ತಡೆಯಲು ಗಿರಾಕಿಗೆ ಕಾಣದಂತೆ ಕೆಲಸ ಮಾಡುವ ಬೇರೆ ದಾರಿಗಳಿವೆ, ಡೆವಲಪರ್‌ಗೆ ಗೊತ್ತಿರುತ್ತದೆ.

'ರೇಟ್‌ಗೆ ಕಾಲ್ ಮಾಡಿ'

ಕೊಡಗಿನ ಸೈಟ್‌ಗಳಲ್ಲಿ ಇದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಸೀಸನ್‌ಗೆ ತಕ್ಕಂತೆ ಬಾಡಿಗೆ ಬದಲಾಗುತ್ತದೆ, ಫೋನಿನಲ್ಲಿ ಮಾತಾಡಿದರೆ ಅತಿಥಿ ಹೇಗಿದ್ದಾರೆ ಅಂತ ತಿಳಿಯುತ್ತದೆ, ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಕಿವಿ ಕೇಳದವರು, ಮಾತು ಬಾರದವರು, ತೊದಲುವವರು ಕಾಲ್ ಮಾಡುವುದು ಹೇಗೆ? ಫೋನ್ ಒಂದೇ ದಾರಿ ಅಂದರೆ ಅವರಿಗೆ ಬಾಗಿಲು ಹಾಕಿದ ಹಾಗೆ.

ಫೋನ್ ನಂಬರ್ ಇರಲಿ. ಪಕ್ಕದಲ್ಲೇ ವಾಟ್ಸ್ಆಪ್ ಲಿಂಕ್, ಇಮೇಲ್ ಕೊಡಿ. 'ಕಾಲ್ ಮಾಡಲು ಆಗದವರು ಮೆಸೇಜ್ ಮಾಡಿ, ನಾವು ಬರೆದೇ ಉತ್ತರ ಕೊಡುತ್ತೇವೆ' ಅಂತ ಒಂದು ಸಾಲು ಬರೆಯಿರಿ. ಬರೆದ ಮೇಲೆ ಹಾಗೇ ಮಾಡಿ. ಮೆಸೇಜ್ ಬಂದ ಕೂಡಲೇ 'ಒಂದು ಕಾಲ್ ಮಾಡಿ ಸಾರ್' ಅಂತ ಉತ್ತರ ಕೊಟ್ಟರೆ ಆ ಸಾಲಿಗೆ ಅರ್ಥವಿಲ್ಲ. ಬಾಡಿಗೆಯನ್ನು ಕೊನೇ ಪಕ್ಷ ಇಷ್ಟರಿಂದ ಇಷ್ಟರವರೆಗೆ ಅಂತಾದರೂ ಹಾಕಿ. ಬರೆಯುವಾಗ ಸರಳ ವಾಕ್ಯ ಇರಲಿ, ಯಾಕೆಂದರೆ ಹುಟ್ಟಿನಿಂದ ಕಿವುಡರಾದ ಎಷ್ಟೋ ಜನರಿಗೆ ಮೊದಲ ಭಾಷೆ ಸನ್ನೆ ಭಾಷೆ, ಕನ್ನಡವೋ ಇಂಗ್ಲಿಷೋ ಆಮೇಲೆ ಕಲಿತದ್ದು.

ಸೈಟ್‌ನಲ್ಲಿ ತೋಟದ ವಿಡಿಯೊ ಇದ್ದರೆ, ಅದರಲ್ಲಿ ಯಾರಾದರೂ ಮಾತಾಡಿದ್ದರೆ, ಆ ಮಾತನ್ನು ಕ್ಯಾಪ್ಷನ್ ಆಗಿ ಹಾಕಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ನೀವೇ ಟೈಪ್ ಮಾಡಬಹುದು. ಪುಟ ತೆರೆದ ಕೂಡಲೇ ಹಕ್ಕಿಯ ಸದ್ದು, ಮಳೆಯ ಸದ್ದು ತಾನಾಗಿ ಶುರುವಾಗುವ ಸೈಟ್‌ಗಳಿವೆ. ಸ್ಕ್ರೀನ್ ರೀಡರ್ ಬಳಸುವವರಿಗೆ ಆ ಸದ್ದಿನಲ್ಲಿ ಓದುವ ಧ್ವನಿಯೇ ಕೇಳಿಸುವುದಿಲ್ಲ. ತಾನಾಗಿ ಸರಿಯುವ ಫೋಟೊಗಳಿಗೆ ನಿಲ್ಲಿಸುವ ಬಟನ್ ಇಡಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿಂಚುವ ಏನನ್ನೂ ಹಾಕಬೇಡಿ, ಮೂರ್ಛೆ ರೋಗ ಇರುವವರಿಗೆ ಅದು ಅಪಾಯ.

ದುಡ್ಡು ಕಟ್ಟುವುದು

ಮುಂಗಡಕ್ಕೆ ಕ್ಯೂಆರ್ ಕೋಡ್‌ನ ಚಿತ್ರವನ್ನಷ್ಟೇ ಹಾಕಿರುತ್ತಾರೆ. ಫೋನಿನಲ್ಲೇ ಸೈಟ್ ನೋಡುತ್ತಿರುವವರು ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಎಲ್ಲರಿಗೂ ತಲೆನೋವು, ಕಣ್ಣು ಕಾಣದವರಿಗೆ ಇನ್ನೂ ಜಾಸ್ತಿ. ಯುಪಿಐ ಐಡಿಯನ್ನು ಅಕ್ಷರದಲ್ಲಿ ಬರೆದು ಪಕ್ಕದಲ್ಲಿ 'ಕಾಪಿ' ಬಟನ್ ಇಡಿ, ಯಾರ ಹೆಸರು ಬರುತ್ತದೆ ಅಂತಲೂ ಬರೆಯಿರಿ, ಸರಿಯಾದವರಿಗೇ ದುಡ್ಡು ಹೋಗುತ್ತಿದೆ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಐದು ನಿಮಿಷದಲ್ಲಿ ಕಟ್ಟದಿದ್ದರೆ ಬುಕಿಂಗ್ ರದ್ದು ಅನ್ನುವ ಗಡಿಯಾರ ಇದ್ದರೆ ಸಮಯ ಹೆಚ್ಚಿಸಿಕೊಳ್ಳುವ ಅವಕಾಶ ಕೊಡಿ.

ಮನೆ ಹೇಗಿದೆ ಅಂತ ನಿಜ ಹೇಳಿ

ವೆಬ್‌ಸೈಟ್ ಅಂದರೆ ಬರೀ ಕೋಡ್ ಅಲ್ಲ. ವೀಲ್‌ಚೇರ್ ಬಳಸುವವರು ನಿಮ್ಮ ಪುಟದಲ್ಲಿ ಮೊದಲು ಹುಡುಕುವುದು ಒಳಗೆ ಬರಲು ಆಗುತ್ತದಾ ಅಂತ. ಕೊಡಗಿನಲ್ಲಿ ಸಮತಟ್ಟಾದ ಜಾಗ ಕಡಿಮೆ, ಹಳೆಯ ಐನ್‌ಮನೆಗಳಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಮೆಟ್ಟಿಲು ಇದೆ ಅನ್ನುವುದು ತಪ್ಪಲ್ಲ, ಇದೆ ಅಂತ ಹೇಳದಿರುವುದು ತಪ್ಪು. ಬೆಂಗಳೂರಿನಿಂದ ಗಂಟೆಗಟ್ಟಲೆ ಕಾರಿನಲ್ಲಿ ಕೂತು ಬಂದವರು ಅಂಗಳದಲ್ಲಿ ನಿಂತು ವಾಪಸ್ ಹೋಗುವಂತಾಗಬಾರದು.

'ವೀಲ್‌ಚೇರ್ ಫ್ರೆಂಡ್ಲಿ' ಅಂತ ಒಂದು ಮಾತಿನಲ್ಲಿ ಮುಗಿಸಬೇಡಿ. ಟೇಪ್ ಹಿಡಿದು ಅಳೆಯಿರಿ, ಅಳತೆ ಬರೆಯಿರಿ. ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ದೂರ, ನೆಲ ಸಿಮೆಂಟೋ ಜಲ್ಲಿಯೋ ಮಣ್ಣೋ. ಮೆಟ್ಟಿಲು ಎಷ್ಟು, ಒಂದೊಂದರ ಎತ್ತರ ಎಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯಾ. ಬಾಗಿಲಿನ ಅಗಲ ಎಷ್ಟು. ವೀಲ್‌ಚೇರ್ ಸಲೀಸಾಗಿ ಹೋಗಲು 900 ಮಿಲಿಮೀಟರ್ ತೆರವು ಬೇಕು. ರೂಮಿನ ಬಾಗಿಲು ಅಷ್ಟಿದ್ದರೂ ಬಾತ್‌ರೂಮಿನ ಬಾಗಿಲು ಕಿರಿದಾಗಿರುತ್ತದೆ, ಅದನ್ನು ಬೇರೆಯಾಗಿ ಬರೆಯಿರಿ. ಕಮೋಡ್ ಇದೆಯಾ, ಪಕ್ಕದಲ್ಲಿ ಹಿಡಿ ಇದೆಯಾ, ಒಳಗೆ ವೀಲ್‌ಚೇರ್ ತಿರುಗಿಸಲು ಜಾಗ ಇದೆಯಾ. ರ‍್ಯಾಂಪ್ ಇದ್ದರೆ ಅದರ ಇಳಿಜಾರು. 1:12 ಅನ್ನುವುದು ಒಪ್ಪಿತ ಅಳತೆ, ಅಂದರೆ 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ರ‍್ಯಾಂಪ್. ಹಲಗೆ ಇಟ್ಟು ನಾಲ್ಕು ಜನ ತಳ್ಳುವುದನ್ನು ರ‍್ಯಾಂಪ್ ಅನ್ನಬೇಡಿ.

ನಮ್ಮ ಊರಿಗೇ ಸೇರಿದ ಕೆಲವು ಪ್ರಶ್ನೆಗಳೂ ಇವೆ. ಕೊನೆಯ ಒಂದೆರಡು ಕಿಲೋಮೀಟರ್ ಜೀಪಿನಲ್ಲಿ ಮಾತ್ರ ಬರಬಹುದಾ? ಜೀಪಿನ ಸೀಟಿಗೆ ಹತ್ತುವುದು ಎಲ್ಲರಿಂದ ಆಗುವುದಿಲ್ಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ನಿಲ್ಲುತ್ತದೆ? ಬ್ಯಾಟರಿ ವೀಲ್‌ಚೇರ್ ಚಾರ್ಜ್ ಮಾಡುವವರು, ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರು ಇದನ್ನು ತಿಳಿದೇ ಹೊರಡಬೇಕು. ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಸುತ್ತ ನೋಡುವ ಜಾಗಗಳ ಪಟ್ಟಿ ಹಾಕುತ್ತೀರಲ್ಲ, ಅಲ್ಲೂ ಒಂದೊಂದು ಸಾಲು ಸೇರಿಸಿ. ಅಬ್ಬಿ ಜಲಪಾತಕ್ಕೆ ಮೆಟ್ಟಿಲು ಇಳಿದು ಹೋಗಬೇಕು, ತಲಕಾವೇರಿಯಲ್ಲಿ ಮೆಟ್ಟಿಲು ಹತ್ತಬೇಕು, ದುಬಾರೆಯಲ್ಲಿ ಹೊಳೆ ದಾಟಬೇಕು, ಮಾಂದಲಪಟ್ಟಿಗೆ ಜೀಪ್. ಇಷ್ಟು ಗೊತ್ತಿದ್ದರೆ ಅವರು ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಳ್ಳುತ್ತಾರೆ.

ಗೂಗಲ್ ಮ್ಯಾಪ್‌ನ ನಿಮ್ಮ ಬಿಸಿನೆಸ್ ಪ್ರೊಫೈಲ್‌ನಲ್ಲೂ ವೀಲ್‌ಚೇರ್ ಹೋಗುವ ಪ್ರವೇಶ, ಪಾರ್ಕಿಂಗ್, ಶೌಚಾಲಯ ಅಂತ ಆಯ್ಕೆಗಳಿವೆ. ಅಲ್ಲಿಯೂ ಇದ್ದದ್ದನ್ನೇ ಗುರುತು ಹಾಕಿ.

ಒಂದು ಬಟನ್‌ನಲ್ಲಿ ಎಲ್ಲ ಸರಿ ಅನ್ನುವವರು

ಪುಟದ ಮೂಲೆಯಲ್ಲಿ ವೀಲ್‌ಚೇರ್ ಚಿಹ್ನೆಯ ಒಂದು ವಿಜೆಟ್ ಹಾಕಿದರೆ ಸೈಟ್ ತಾನಾಗಿ ಸರಿಯಾಗುತ್ತದೆ ಅಂತ ಮಾರುವವರಿದ್ದಾರೆ. ತಿಂಗಳ ಚಂದಾ ಬೇರೆ. ನಂಬಬೇಡಿ. ಹೆಸರಿಲ್ಲದ ಬಟನ್‌ಗೆ ಸರಿಯಾದ ಹೆಸರು, ಜಗಲಿ ಫೋಟೊಗೆ ಸರಿಯಾದ ವಿವರಣೆ ಯಾವ ವಿಜೆಟ್ಟಿಗೂ ಗೊತ್ತಿರುವುದಿಲ್ಲ. ಇಂಥದ್ದೇ ಉತ್ಪನ್ನದ ಬಗ್ಗೆ ಸುಳ್ಳು ಭರವಸೆ ಕೊಟ್ಟ ಆರೋಪದಲ್ಲಿ ಆಕ್ಸೆಸಿಬಿ ಅನ್ನುವ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಆದೇಶವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿತು. ವಿಜೆಟ್ಟಿನ ಚಂದಾಕ್ಕೆ ಹೋಗುವ ದುಡ್ಡನ್ನು ನಿಮ್ಮ ಡೆವಲಪರ್‌ಗೆ ಕೊಟ್ಟು ಮೇಲಿನ ಕೆಲಸ ಮಾಡಿಸಿ.

ಡೆವಲಪರ್ ಜೊತೆ ಮಾತು

ಹೊಸ ಸೈಟ್ ಮಾಡಿಸುವುದಾದರೆ ಮೊದಲ ದಿನವೇ 'ಡಬ್ಲ್ಯೂಸಿಎಜಿ 2.2, ಎಎ ಮಟ್ಟ' ಅಂತ ಕೊಟೇಶನ್‌ನಲ್ಲಿ ಬರೆಸಿ. ವರ್ಡ್‌ಪ್ರೆಸ್ ಆದರೆ ಥೀಮ್ ಹುಡುಕುವಾಗ 'ಆಕ್ಸೆಸಿಬಿಲಿಟಿ ರೆಡಿ' ಅನ್ನುವ ಗುರುತು ಇರುವುದನ್ನು ಆರಿಸಬಹುದು, ಅರ್ಧ ಕೆಲಸ ಅಲ್ಲೇ ಹಗುರ. ಕ್ರೋಮ್‌ನಲ್ಲಿ ಲೈಟ್‌ಹೌಸ್ ಅನ್ನುವ ಟೆಸ್ಟ್ ಟೂಲ್ ಇದೆ, ವೆಬ್‌ಏಮ್‌ನವರ ವೇವ್ ಇದೆ, ಎರಡೂ ಉಚಿತ. ಆಲ್ಟ್ ಇಲ್ಲದ ಫೋಟೊ, ಹೆಸರಿಲ್ಲದ ಖಾನೆ, ಮಸುಕು ಬಣ್ಣ ಇವನ್ನು ತೋರಿಸಿಕೊಡುತ್ತವೆ. ಆದರೆ ಬರೆದ ಆಲ್ಟ್ ನಿಜವೋ ಸುಳ್ಳೋ ಅಂತ ಅವಕ್ಕೆ ತಿಳಿಯದು.

ಡೆವಲಪರ್ 'ಇದೆಲ್ಲ ನಮ್ಮಂಥ ಸಣ್ಣವರಿಗೆ ಬೇಕಾಗಿಲ್ಲ' ಅಂದರೆ ಕಾನೂನು ನೆನಪಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಸೇವೆ ಕೊಡುವವರು ಸರ್ಕಾರದವರಾಗಲಿ ಖಾಸಗಿಯವರಾಗಲಿ ಸೇವೆಯನ್ನು ಎಲ್ಲರಿಗೂ ಸಿಗುವಂತೆ ಮಾಡಬೇಕು ಅಂತ ಅದರ 46ನೇ ಕಲಂ ಹೇಳುತ್ತದೆ. ಈ ವಿಷಯದ ನಿಯಮಗಳು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಇರಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ ಡಿಜಿಟಲ್ ಸೇವೆಗಳು ಎಲ್ಲರಿಗೂ ಸಿಗುವುದನ್ನು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಇದಕ್ಕೆ ಭಾರತದ್ದೇ ಮಾನದಂಡ ಐಎಸ್ 17802 ಕೂಡ ಇದೆ.

ಬಳಸುವವರಿಗೇ ಕೊಟ್ಟು ನೋಡಿ

ನೀವು ಕಣ್ಣು ಮುಚ್ಚಿ ಮಾಡಿದ ಪರೀಕ್ಷೆ ಶುರು ಮಾತ್ರ. ವರ್ಷಗಟ್ಟಲೆ ಟಾಕ್‌ಬ್ಯಾಕ್ ಬಳಸಿದವರು ಧ್ವನಿಯನ್ನು ನಮಗೆ ಅರ್ಥವೇ ಆಗದಷ್ಟು ವೇಗವಾಗಿ ಓಡಿಸಿ ಕೇಳುತ್ತಾರೆ, ಅವರಿಗೆ ಸಿಗುವ ತಪ್ಪು ನಮಗೆ ಸಿಗುವುದಿಲ್ಲ. ಪರಿಚಯದವರು ಇಲ್ಲ ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ವಿಆರ್‌ಡಬ್ಲ್ಯೂ ಅಂದರೆ ಪಂಚಾಯಿತಿಯವರಿಗೆ ಗೊತ್ತಾಗುತ್ತದೆ. ಆಸಕ್ತಿ ಇರುವವರ ಪರಿಚಯ ಅವರಿಗೆ ಇರುತ್ತದೆ.

ಕರೆದಾಗ 'ನಮ್ಮ ಸೈಟ್ ಹೇಗಿದೆ ಹೇಳಿ' ಅನ್ನಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. 'ಬರುವ ಶನಿವಾರಕ್ಕೆ ಇಬ್ಬರಿಗೆ ಒಂದು ರೂಮ್ ಬುಕ್ ಮಾಡಿ' ಅಂತ ಕೆಲಸ ಕೊಡಿ, ಸುಮ್ಮನೆ ಕೂತು ನೋಡಿ. ಮಧ್ಯ ಬಾಯಿ ಹಾಕಬೇಡಿ. ಅವರು ನಿಂತ ಜಾಗವನ್ನೆಲ್ಲ ಬರೆದುಕೊಳ್ಳಿ. ಇದು ಅವರ ಕೆಲಸ, ಅವರ ಪರಿಣತಿ. ಒಂದು ಲೋಟ ಕಾಫಿ ಕೊಟ್ಟು ಕಳಿಸುವುದಲ್ಲ, ದುಡ್ಡು ಕೊಡಿ.

ಆಮೇಲೆ ಸೈಟ್‌ನಲ್ಲಿ ಒಂದು ಸಣ್ಣ ಪುಟ ಸೇರಿಸಿ. ಏನು ಸರಿಯಿದೆ, ಏನು ಇನ್ನೂ ಸರಿಯಾಗಬೇಕು, ತೊಂದರೆಯಾದರೆ ಯಾರಿಗೆ ಬರೆಯಬೇಕು ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಹೊಸ ಫೋಟೊ, ಹೊಸ ರೂಮ್, ಹೊಸ ಪ್ಯಾಕೆಟ್ ಸೇರಿಸುವ ಕೆಲಸ ಮನೆಯಲ್ಲಿ ಯಾರದೋ ಅವರಿಗೆ ಆಲ್ಟ್ ಬರೆಯುವುದನ್ನು, ತಲೆಬರಹ ಹಾಕುವುದನ್ನು ತೋರಿಸಿಕೊಡಿ. ಜೋರು ಮಳೆಗೆ ರೂಮ್‌ಗಳು ಖಾಲಿ ಇರುವ ತಿಂಗಳುಗಳಲ್ಲಿ ಈ ಕೆಲಸಕ್ಕೆ ಕೂತರೆ, ದಸರಾ ರಜೆಯ ಬುಕಿಂಗ್ ಶುರುವಾಗುವ ಹೊತ್ತಿಗೆ ಸೈಟ್ ತಯಾರಿರುತ್ತದೆ.